ಹೆಸರಿನ ಕಡತ: ಗಣಕಗಳಿಗೆ ನಾಮಕರಣವಾದ ಬಗೆ

ಅಂತರಜಾಲದ ವಿಳಾಸವನ್ನು ಬೆರಳಚ್ಚಿಸುವ ಪ್ರತಿಯೊಬ್ಬರೂ ಕೆಲವು ಕಟ್ಟಳೆಗಳನ್ನು ಅರಿವಿಲ್ಲದೆಯೇ ಪಾಲಿಸುತ್ತಾರೆ. ಪದಗಳ ನಡುವೆ ಖಾಲಿ ಜಾಗ ಬಿಡುವಂತಿಲ್ಲ. ಅಡ್ಡಗೆರೆಗೆ ಅವಕಾಶವುಂಟು, ಆದರೆ ಅದು ಹೆಸರಿನ ಆರಂಭದಲ್ಲಾಗಲೀ ಕೊನೆಯಲ್ಲಾಗಲೀ ಬರಕೂಡದು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳ ನಡುವೆ ಭೇದವಿಲ್ಲ. ಕನ್ನಡ, ತಮಿಳು, ಅರಬ್ಬಿ, ಚೀನೀ ಲಿಪಿಗಳ ಅಕ್ಷರಗಳು ನೇರವಾಗಿ ಒಳಹೋಗುವಂತಿಲ್ಲ. ಅವು ಮೊದಲು ರೋಮನ್ ವೇಷ ಧರಿಸಬೇಕು.

ಈ ಕಟ್ಟಳೆಗಳನ್ನು ಯಾವ ಸರ್ಕಾರವೂ ಶಾಸನ ಮಾಡಿ ಜಾರಿಗೆ ತಂದದ್ದಲ್ಲ. ಭಾಷಾ ಪಂಡಿತರು ಕೂಡಿ ಚರ್ಚಿಸಿದ್ದೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್ ಎಂಬ ಊರಿನ ಕಚೇರಿಯೊಂದರಲ್ಲಿದ್ದ ಒಂದು ಸಾದಾ ಪಠ್ಯ ಕಡತ, ಮತ್ತು ಅದನ್ನು ಸಾಲುಸಾಲಾಗಿ ಓದಬೇಕಾಗಿದ್ದ ಪುಟ್ಟ ಕ್ರಮವಿಧಿಗಳ ಅನುಕೂಲ, ಇವೇ ಅವುಗಳ ಮೂಲ. ಆ ಕಡತ ಬಳಕೆಯಿಂದ ಮರೆಯಾಗಿ ದಶಕಗಳೇ ಕಳೆದಿವೆ. ಅದರ ವ್ಯಾಕರಣ ಮಾತ್ರ ಉಳಿದುಕೊಂಡಿದೆ.

ಒಂದು ಯಂತ್ರ, ಹತ್ತು ಹೆಸರು

ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ 'ಅರ್ಪಾ' ಕಟ್ಟಿಸಿದ ಅರ್ಪಾನೆಟ್ 1969ರ ಕೊನೆಯಲ್ಲಿ ನಾಲ್ಕು ನೆಲೆಗಳೊಂದಿಗೆ ಆರಂಭವಾಯಿತು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 1, ಮೆನ್ಲೋ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ (ಎಸ್‌ಆರ್‌ಐ) 2, ಸಾಂತಾ ಬಾರ್ಬರಾಕ್ಕೆ 3, ಯೂಟಾ ವಿಶ್ವವಿದ್ಯಾಲಯಕ್ಕೆ 4. ಗಣಕಗಳಿಗೆ ಈ ಸಂಖ್ಯೆಗಳೇ ಸಾಕಾಗಿದ್ದವು. ಆದರೆ ಅವುಗಳ ಮುಂದೆ ಕುಳಿತ ಮನುಷ್ಯರಿಗೆ ಸಾಲಲಿಲ್ಲ. ಮೂರನೆಯ ಗಣಕಕ್ಕೆ ಸಂಪರ್ಕ ಕೊಡು ಎನ್ನುವುದಕ್ಕಿಂತ ಸಾಂತಾ ಬಾರ್ಬರಾಕ್ಕೆ ಕೊಡು ಎನ್ನುವುದು ನೆನಪಿಗೂ ಬಾಯಿಗೂ ಸುಲಭ.

ಹೀಗಾಗಿ ಪ್ರತಿ ನೆಲೆಯೂ ತನಗೆ ತೋಚಿದ ಹೆಸರುಗಳ ಪಟ್ಟಿಯನ್ನು ತಾನೇ ಮಾಡಿಕೊಂಡಿತು. ಪರಿಣಾಮವೂ ನಿರೀಕ್ಷಿತವೇ. ಒಂದೇ ಯಂತ್ರ ಒಂದು ಊರಿನಲ್ಲಿ ಒಂದು ಹೆಸರಿನಿಂದ, ಇನ್ನೊಂದು ಊರಿನಲ್ಲಿ ಮತ್ತೊಂದು ಹೆಸರಿನಿಂದ ಕರೆಸಿಕೊಳ್ಳತೊಡಗಿತು. ಮನೆಯಲ್ಲಿ ಪುಟ್ಟ, ಶಾಲೆಯಲ್ಲಿ ಪುಟ್ಟಸ್ವಾಮಿ, ಪಹಣಿಯಲ್ಲಿ ಇನ್ನೇನೋ ಎಂಬ ನಮ್ಮ ಹಳ್ಳಿಗಳ ಪಾಡು ಇದಕ್ಕಿಂತ ತೀರಾ ಭಿನ್ನವಲ್ಲ.

ಅರ್ಪಾನೆಟ್‌ನ ತಂತ್ರಜ್ಞರು ತಮ್ಮ ಚರ್ಚೆಗಳನ್ನು 'ರಿಕ್ವೆಸ್ಟ್ ಫಾರ್ ಕಾಮೆಂಟ್ಸ್' ಎಂಬ, ಚಿಕ್ಕದಾಗಿ ಆರ್‌ಎಫ್‌ಸಿ ಎಂದು ಕರೆಯುವ, ಕ್ರಮಸಂಖ್ಯೆಯುಳ್ಳ ಟಿಪ್ಪಣಿಗಳ ಮೂಲಕ ನಡೆಸುತ್ತಿದ್ದರು. 1971ರ ಸೆಪ್ಟೆಂಬರ್‌ನಲ್ಲಿ ಮೈಟರ್ ಸಂಸ್ಥೆಯ ಪೆಗ್ಗಿ ಕಾರ್ಪ್ ಅವರು ಬರೆದ 226ನೆಯ ಟಿಪ್ಪಣಿ, ಗಣಕಗಳ ಹೆಸರುಗಳನ್ನು ಎಲ್ಲರಿಗೂ ಒಪ್ಪಿಗೆಯಾಗುವಂತೆ ಏಕರೂಪಗೊಳಿಸಬೇಕೆಂದು ಸೂಚಿಸಿತು. ಕೂಡಲೇ ಪ್ರತಿಕ್ರಿಯೆಗಳು ಬಂದವು. ಅಕ್ಟೋಬರ್‌ನಲ್ಲಿ ಕಾರ್ಪ್ ಅವರೇ 247ನೆಯ ಟಿಪ್ಪಣಿಯಲ್ಲಿ ಪರಿಷ್ಕೃತ ಪಟ್ಟಿಯೊಂದನ್ನು ಮುಂದಿಟ್ಟರು. ಇಡೀ ಜಾಲದಲ್ಲಿ ಕೆಲವೇ ಡಜನ್ ಗಣಕಗಳೂ ಇರದಿದ್ದ ಕಾಲದಲ್ಲಿ ಹೆಸರಿನ ಬಗ್ಗೆ ಇಷ್ಟೊಂದು ಚರ್ಚೆ ನಡೆದದ್ದು ಗಮನಾರ್ಹ.

ಕಾಗದದ ಮೇಲಿನ ಒಪ್ಪಂದದಿಂದ ಸಮಸ್ಯೆ ಮುಗಿಯಲಿಲ್ಲ. ಹೊಸ ಗಣಕವೊಂದು ಸೇರಿದಾಗಲೆಲ್ಲ ಪ್ರತಿ ನೆಲೆಯ ನಿರ್ವಾಹಕರೂ ಅದನ್ನು ಕೈಯಾರೆ ತಮ್ಮ ಪಟ್ಟಿಗೆ ಸೇರಿಸಬೇಕಿತ್ತು. 1973ರ ಡಿಸೆಂಬರ್‌ನಲ್ಲಿ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದ ಪೀಟರ್ ಡಾಯ್ಚ್ 606ನೆಯ ಟಿಪ್ಪಣಿಯಲ್ಲಿ ಈ ವ್ಯರ್ಥ ಶ್ರಮವನ್ನು ಎತ್ತಿ ತೋರಿಸಿದರು. ಎಲ್ಲರಿಗೂ ಒಂದೇ ಅಧಿಕೃತ ಕಡತವಿರಲಿ, ಅದನ್ನು ಮನುಷ್ಯರಷ್ಟೇ ಅಲ್ಲ, ಕ್ರಮವಿಧಿಗಳೂ ಓದುವಂತಿರಲಿ ಎಂಬುದು ಅವರ ಸಲಹೆ. ಮರುತಿಂಗಳೇ, ಅಂದರೆ 1974ರ ಜನವರಿಯಲ್ಲಿ, ಎಸ್‌ಆರ್‌ಐನಲ್ಲಿದ್ದ ಜಾಲ ಮಾಹಿತಿ ಕೇಂದ್ರ 608ನೆಯ ಟಿಪ್ಪಣಿಯ ಮೂಲಕ ಇದಕ್ಕೆ ಒಪ್ಪಿಗೆ ನೀಡಿತು. ಕಡತದ ಹೆಸರು ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ.

ಜಾಲದ ಶ್ಯಾನುಭೋಗರು

ಈ ಕಡತದ ಜೊತೆಗೆ ಸದಾ ನೆನಪಾಗುವ ಹೆಸರು ಎಲಿಜಬೆತ್ ಫೈನ್ಲರ್. ಆಪ್ತರಿಗೆ ಅವರು 'ಜೇಕ್'. 1931ರಲ್ಲಿ ಪಶ್ಚಿಮ ವರ್ಜೀನಿಯಾದಲ್ಲಿ ಹುಟ್ಟಿದ ಫೈನ್ಲರ್ ಓದಿದ್ದು ರಸಾಯನ ವಿಜ್ಞಾನ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಶಾಸ್ತ್ರದ ಸಂಶೋಧನೆಯಲ್ಲಿದ್ದವರು ಅದನ್ನು ಬಿಟ್ಟು, ಒಹಾಯೋದ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಸರ್ವೀಸ್‌ನಲ್ಲಿ ಜಗತ್ತಿನ ರಾಸಾಯನಿಕ ಸಂಯುಕ್ತಗಳಿಗೆ ಸೂಚಿ ಸಿದ್ಧಪಡಿಸುವ ಬೃಹತ್ ಕಾರ್ಯದಲ್ಲಿ ತೊಡಗಿದರು. 1960ರಲ್ಲಿ ಎಸ್‌ಆರ್‌ಐ ಸೇರಿದರು. ಗಣಕ ಮೌಸ್‌ನ ಜನಕ ಡಗ್ಲಾಸ್ ಎಂಗಲ್‌ಬಾರ್ಟ್ ಅವರು 1972ರಲ್ಲಿ ಅವರನ್ನು ತಮ್ಮ ತಂಡಕ್ಕೆ ಕರೆಸಿಕೊಂಡು, ಅರ್ಪಾನೆಟ್‌ನ ಸಂಪನ್ಮೂಲ ಕೈಪಿಡಿಯೊಂದನ್ನು ಸಿದ್ಧಪಡಿಸುವ ಹೊಣೆ ಒಪ್ಪಿಸಿದರು.

ಸಂಯುಕ್ತಗಳಿಗೆ ಸೂಚಿ ಮಾಡಿದವರು ಗಣಕಗಳಿಗೆ ಸೂಚಿ ಮಾಡಿದ್ದು ಕಾಕತಾಳೀಯವಿರಬಹುದು. ಆದರೂ ಒಂದು ವಸ್ತುವಿಗೆ ಹಲವು ಹೆಸರುಗಳಿದ್ದಾಗ ಯಾವುದು ಅಧಿಕೃತ, ಯಾವುದು ಅಡ್ಡಹೆಸರು ಎಂದು ತೀರ್ಮಾನಿಸುವ ಕಸುಬು ಎರಡಕ್ಕೂ ಒಂದೇ.

ಜಾಲ ಮಾಹಿತಿ ಕೇಂದ್ರದ ಮುಖ್ಯಸ್ಥೆಯಾಗಿ ಫೈನ್ಲರ್ ಮತ್ತು ಅವರ ಸಹೋದ್ಯೋಗಿಗಳು ಮಾಡುತ್ತಿದ್ದುದು ಹಳೆಯ ಶ್ಯಾನುಭೋಗರ ಕೆಲಸವೇ. ಹೊಸ ಗಣಕ ಬಂದರೆ ಅದರ ಮಾಲೀಕರು ಕೇಂದ್ರಕ್ಕೆ ತಿಳಿಸಬೇಕು. ಕೇಂದ್ರ ಅದನ್ನು ಖಾತೆಗೆ ಏರಿಸಬೇಕು. ಉಳಿದವರೆಲ್ಲ ಹೊಸ ಖಾತೆಯ ಪ್ರತಿಯನ್ನು ತಮ್ಮ ತಮ್ಮ ಗಣಕಗಳಿಗೆ ಇಳಿಸಿಕೊಳ್ಳಬೇಕು. ಆ ಖಾತೆಯಲ್ಲಿ ಇಲ್ಲದ ಯಂತ್ರ ಜಾಲದಲ್ಲಿ ಇದ್ದೂ ಇಲ್ಲದಂತೆ. ಸಾಲೊಂದರಲ್ಲಿ ತಪ್ಪು ನುಸುಳಿದರೆ ಆ ತಪ್ಪೂ ಪ್ರತಿಯಾಗಿ ಎಲ್ಲೆಡೆ ಹಬ್ಬುತ್ತಿತ್ತು.

ಒಂದು ಸಾಲನ್ನು ಓದುವುದು ಹೇಗೆ?

ಕ್ರಮವಿಧಿಯೊಂದು ಕಡತದ ಸಾಲನ್ನು ಓದಿ, ಇದು ಹೆಸರು, ಇದು ವಿಳಾಸ ಎಂದು ಭಾಗಗಳಾಗಿ ಬಿಡಿಸಿಕೊಳ್ಳುವ ಕ್ರಿಯೆಗೆ ಗಣಕ ಪರಿಭಾಷೆಯಲ್ಲಿ 'ಪಾರ್ಸಿಂಗ್' ಎನ್ನುತ್ತಾರೆ. ಕನ್ನಡ ಶಾಲೆಗಳಲ್ಲಿ ಸಂಧಿ ಬಿಡಿಸಿ ಬರೆಯಿರಿ ಎಂಬ ಪ್ರಶ್ನೆಗೆ ಉತ್ತರಿಸಿದವರಿಗೆ ಇದರ ಸ್ವರೂಪ ಹೊಸದೇನಲ್ಲ. ವ್ಯತ್ಯಾಸವಿಷ್ಟೇ: ಪದ ಎಲ್ಲಿ ಒಡೆಯುತ್ತದೆ ಎಂಬುದನ್ನು ಮಗು ಅರ್ಥ ತಿಳಿದು ಊಹಿಸಬಲ್ಲದು; ಯಂತ್ರಕ್ಕೆ ಅರ್ಥ ತಿಳಿಯದು. ಒಡೆಯುವ ಜಾಗದಲ್ಲಿ ಗುರುತು ಹಾಕಿಯೇ ಇರಬೇಕು.

1982ರ ಮಾರ್ಚ್‌ನಲ್ಲಿ ಹೊರಬಂದ 810ನೆಯ ಟಿಪ್ಪಣಿ ಈ ಗುರುತುಗಳನ್ನು ಖಚಿತಪಡಿಸಿತು. 1985ರ ಅಕ್ಟೋಬರ್‌ನ 952ನೆಯ ಟಿಪ್ಪಣಿ ಅದನ್ನೇ ತಿದ್ದಿ ಮುಂದುವರಿಸಿತು. ಎರಡಕ್ಕೂ ಫೈನ್ಲರ್ ಸಹಲೇಖಕಿ. ಪ್ರತಿ ಸಾಲಿನ ಮೊದಲಲ್ಲಿ ಅದು ಜಾಲವೋ, ದ್ವಾರವೋ, ಗಣಕವೋ ಎಂಬ ಸೂಚನೆ. ಬಳಿಕ ಕ್ರಮವಾಗಿ ವಿಳಾಸ, ಹೆಸರು, ಯಂತ್ರದ ಮಾದರಿ, ಕಾರ್ಯಾಚರಣಾ ವ್ಯವಸ್ಥೆ, ಅದು ಬಲ್ಲ ಶಿಷ್ಟಾಚಾರಗಳು. ಒಂದೊಂದು ಅಂಕಣದ ನಡುವೆ ವಿವರಣಾ ಚಿಹ್ನೆ, ಅಂದರೆ ಮೇಲೊಂದು ಕೆಳಗೊಂದು ಚುಕ್ಕೆ. ಒಂದೇ ಅಂಕಣದಲ್ಲಿ ಎರಡು ಮೂರು ಹೆಸರುಗಳಿದ್ದರೆ ನಡುವೆ ಅಲ್ಪವಿರಾಮ. ಅರ್ಧವಿರಾಮದಿಂದ ಆರಂಭವಾದದ್ದು ಓದುಗರಿಗಾಗಿ ಬರೆದ ಟಿಪ್ಪಣಿ. ಕ್ರಮವಿಧಿ ಅದನ್ನು ಬಿಟ್ಟು ಮುಂದೆ ಸಾಗಬೇಕು.

ಇಷ್ಟಾದ ಮೇಲೆ ಹೆಸರಿನ ನಿಯಮಗಳು ತಾವಾಗಿಯೇ ರೂಪುಗೊಳ್ಳುತ್ತವೆ. ವಿವರಣಾ ಚಿಹ್ನೆ, ಅಲ್ಪವಿರಾಮ, ಅರ್ಧವಿರಾಮಗಳಿಗೆ ಬೇರೆ ಕೆಲಸ ನಿಗದಿಯಾಗಿರುವುದರಿಂದ ಅವು ಹೆಸರಿನೊಳಗೆ ಬರುವಂತಿಲ್ಲ. ಖಾಲಿ ಜಾಗವೂ ನಿಷಿದ್ಧ. ಉಳಿದದ್ದು ಎ ಇಂದ ಝಡ್‌ವರೆಗಿನ ರೋಮನ್ ಅಕ್ಷರಗಳು, 0 ಇಂದ 9ರವರೆಗಿನ ಅಂಕಿಗಳು, ಒಂದು ಅಡ್ಡಗೆರೆ ಮತ್ತು ಭಾಗಗಳನ್ನು ಬೇರ್ಪಡಿಸಲು ಮಾತ್ರ ಒಂದು ಚುಕ್ಕೆ. ಹೆಸರು 24 ಅಕ್ಷರ ಮೀರಬಾರದು. ಕೊನೆಯ ಸ್ಥಾನದಲ್ಲಿ ಅಡ್ಡಗೆರೆ ಅಥವಾ ಚುಕ್ಕೆ ಇರಬಾರದು. ಒಂದೇ ಅಕ್ಷರದ ಹೆಸರೂ ಸಲ್ಲದು.

ಮೊದಲ ಅಕ್ಷರ ಅಂಕಿಯಾಗಿರಬಾರದು ಎಂಬ ನಿಯಮ ಪಾರ್ಸಿಂಗ್ ದೃಷ್ಟಿಯಿಂದ ಬಲು ಅನುಕೂಲದ್ದು. ಬಳಕೆದಾರ ಬೆರಳಚ್ಚಿಸಿದ್ದು ಹೆಸರೋ, ಚುಕ್ಕೆಗಳಿಂದ ಕೂಡಿದ ಸಂಖ್ಯಾ ವಿಳಾಸವೋ ಎಂಬುದನ್ನು ಮೊದಲ ಅಕ್ಷರ ನೋಡಿಯೇ ಹೇಳಿಬಿಡಬಹುದು. ಆದರೆ ಈ ಅನುಕೂಲ ಒಂದು ಕಂಪನಿಗೆ ಮುಳುವಾಯಿತು. ಈಥರ್‌ನೆಟ್ ಉಪಕರಣಗಳಿಗೆ ಹೆಸರಾದ, ರಾಬರ್ಟ್ ಮೆಟ್‌ಕಾಫ್ ಮತ್ತು ಸಂಗಡಿಗರು 1979ರಲ್ಲಿ ಸ್ಥಾಪಿಸಿದ ಆ ಕಂಪನಿಯ ಹೆಸರೇ 3ಕಾಂ. ಅದು 1986ರಲ್ಲಿ ತನ್ನ ಹೆಸರಿನ ಡೊಮೇನ್ ಪಡೆದಾಗ, ನಿಯಮವನ್ನು ಅಕ್ಷರಶಃ ಪಾಲಿಸುತ್ತಿದ್ದ ಕ್ರಮವಿಧಿಗಳ ಪಾಲಿಗೆ ಅದು ಹೆಸರೇ ಅಲ್ಲ. 1989ರ ಅಕ್ಟೋಬರ್‌ನಲ್ಲಿ 1123ನೆಯ ಟಿಪ್ಪಣಿ ನಿಯಮವನ್ನು ಸಡಿಲಿಸಿ ಮೊದಲ ಸ್ಥಾನಕ್ಕೆ ಅಂಕಿಯನ್ನೂ ಒಪ್ಪಿತು. ಕಟ್ಟಕಡೆಯ ಭಾಗವಾದ ಕಾಂ, ಎಜು ಮುಂತಾದವು ಹೇಗೂ ಅಕ್ಷರಗಳಿಂದಲೇ ಕೂಡಿರುವುದರಿಂದ, ಇಡೀ ಹೆಸರು ಸಂಖ್ಯಾ ವಿಳಾಸದಂತೆ ಕಾಣುವ ಅಪಾಯವಿಲ್ಲ ಎಂಬುದು ಅದರ ಸಮರ್ಥನೆ.

ಸಂಖ್ಯೆಗಳನ್ನು ಓದುವುದೂ ನಿರಪಾಯಕಾರಿಯಾಗಿರಲಿಲ್ಲ. ಬರ್ಕ್ಲಿ ಯುನಿಕ್ಸ್‌ನ ಕ್ರಮವಿಧಿಗಳು ಸೊನ್ನೆಯಿಂದ ಆರಂಭವಾಗುವ ಅಂಕಿಯನ್ನು ಎಂಟರ ಆಧಾರದ ಎಣಿಕೆ ಎಂದು ಭಾವಿಸುತ್ತಿದ್ದವು. ಅಂಕಣಗಳು ನೇರವಾಗಿ ಕಾಣಲಿ ಎಂದು ಯಾರಾದರೂ 10ರ ಹಿಂದೆ ಸೊನ್ನೆ ಸೇರಿಸಿ 010 ಎಂದು ಬರೆದರೆ ಯಂತ್ರ ಅದನ್ನು 8 ಎಂದು ಓದುತ್ತಿತ್ತು. ಅಂದಕ್ಕೆ ಹಾಕಿದ ಸೊನ್ನೆಯಿಂದ ಸಂದೇಶ ಬೇರೆಯದೇ ಜಾಲಕ್ಕೆ ಹೋಗುವ ಸಾಧ್ಯತೆ!

ಯುನಿಕ್ಸ್‌ಗೆ ತನ್ನದೇ ಆದ ಹೋಸ್ಟ್ಸ್ ಕಡತವಿತ್ತು. ಅದರಲ್ಲಿ ಮೊದಲು ವಿಳಾಸ, ಆಮೇಲೆ ಹೆಸರುಗಳು, ನಡುವೆ ಬರೀ ಖಾಲಿ ಜಾಗ. ಮೆನ್ಲೋ ಪಾರ್ಕಿನ ಕಡತವನ್ನು ತರಿಸಿಕೊಳ್ಳಲು 'ಗೆಟ್‌ಟೇಬಲ್', ಅದನ್ನು ಯುನಿಕ್ಸ್ ರೂಪಕ್ಕೆ ಇಳಿಸಲು 'ಎಚ್‌ಟೇಬಲ್' ಎಂಬ ಎರಡು ಕ್ರಮವಿಧಿಗಳಿದ್ದವು. ಯಂತ್ರದ ಮಾದರಿ, ಶಿಷ್ಟಾಚಾರ ಮುಂತಾದ ವಿವರಗಳಿಗೆ ಯುನಿಕ್ಸ್ ಕಡತದಲ್ಲಿ ಜಾಗವೇ ಇರಲಿಲ್ಲ. ಆ ಯುನಿಕ್ಸ್ ಕಡತದ ವಂಶ ಇನ್ನೂ ಅಳಿದಿಲ್ಲ. ಇಂದಿನ ಲಿನಕ್ಸ್, ವಿಂಡೋಸ್, ಮ್ಯಾಕ್ ಗಣಕಗಳೆಲ್ಲದರ ಒಳಗೂ ಹೋಸ್ಟ್ಸ್ ಎಂಬ ಹೆಸರಿನ ಪುಟ್ಟ ಕಡತವೊಂದು ಇದ್ದೇ ಇದೆ.

ನಾಲ್ಕೈದು ದಿನಕ್ಕೊಂದು ಹೊಸ ಪ್ರತಿ

ಕಡತ ಬೆಳೆದ ಬಗೆಯನ್ನು ಅಂಕಿಅಂಶಗಳೇ ಹೇಳುತ್ತವೆ. 1981ರ ಆಗಸ್ಟ್‌ನಲ್ಲಿ ಅದರಲ್ಲಿ 213 ಗಣಕಗಳಿದ್ದವು. ಅದು ಕಡತದ 152ನೆಯ ಆವೃತ್ತಿ. 1983ರ ಆಗಸ್ಟ್‌ಗೆ 562 ಗಣಕಗಳು, 300ನೆಯ ಆವೃತ್ತಿ. 1985ರ ಅಕ್ಟೋಬರ್‌ಗೆ 1961 ಗಣಕಗಳು, 485ನೆಯ ಆವೃತ್ತಿ. ಲೆಕ್ಕ ಹಾಕಿದರೆ ನಾಲ್ಕೈದು ದಿನಗಳಿಗೊಮ್ಮೆ ಹೊಸ ಪ್ರತಿ ಸಿದ್ಧವಾಗುತ್ತಿತ್ತು ಎಂದಾಯಿತು.

ಪ್ರತಿ ಹೊಸ ಗಣಕದಿಂದ ಕಡತವೂ ಉದ್ದವಾಗುತ್ತದೆ, ಅದನ್ನು ಇಳಿಸಿಕೊಳ್ಳುವವರ ಸಂಖ್ಯೆಯೂ ಒಂದು ಹೆಚ್ಚುತ್ತದೆ. ಹೀಗಾಗಿ ಜಾಲದ ಮೇಲಿನ ಹೊರೆ ಗಣಕಗಳ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಏರುತ್ತಿತ್ತು. ಗಣಕಗಳು ಹತ್ತು ಪಟ್ಟಾದರೆ ಹೊರೆ ನೂರು ಪಟ್ಟು. ದೂರದ ನೆಲೆಗೆ ಹೊಸ ಪ್ರತಿ ತಲುಪುವಷ್ಟರಲ್ಲಿ ಅದು ಹಳತಾಗಿರುತ್ತಿತ್ತು. ಒಳ್ಳೆಯ ಚಿಕ್ಕ ಹೆಸರುಗಳನ್ನು ಮೊದಲು ಬಂದವರು ಹಿಡಿದುಬಿಟ್ಟಿದ್ದರು.

ದಾರಿಯೇ ವಿಳಾಸವಾದಾಗ

ಅರ್ಪಾನೆಟ್ ಪ್ರವೇಶ ಎಲ್ಲರಿಗೂ ಇರಲಿಲ್ಲ. ಹೊರಗುಳಿದ ಯುನಿಕ್ಸ್ ಬಳಕೆದಾರರಿಗೆ ಆಸರೆಯಾದದ್ದು ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡು 1979ರ ಏಳನೆಯ ಯುನಿಕ್ಸ್ ಆವೃತ್ತಿಯೊಂದಿಗೆ ಹರಡಿದ ಯುಯುಸಿಪಿ. ರಾತ್ರಿ ಹೊತ್ತು ಒಂದು ಗಣಕ ದೂರವಾಣಿ ಮೂಲಕ ಇನ್ನೊಂದಕ್ಕೆ ಕರೆ ಮಾಡಿ ಅಂಚೆ ಹಸ್ತಾಂತರಿಸುವ ಅಗ್ಗದ ವ್ಯವಸ್ಥೆಯಿದು. ಇಲ್ಲಿ ಕೇಂದ್ರವೂ ಇಲ್ಲ, ಶ್ಯಾನುಭೋಗರೂ ಇಲ್ಲ. ವಿಳಾಸವೆಂದರೆ ದಾರಿ. ಮೊದಲು ಈ ಗಣಕ, ಅಲ್ಲಿಂದ ಆ ಗಣಕ, ಅಲ್ಲಿಂದ ಮತ್ತೊಂದು, ಕೊನೆಗೆ ವ್ಯಕ್ತಿ ಎಂದು ಒಂದೊಂದರ ನಡುವೆಯೂ ಉದ್ಗಾರ ಚಿಹ್ನೆ ಹಾಕಿ ಬರೆಯಬೇಕು. ಬಸ್ ನಿಲ್ದಾಣದಿಂದ ನೇರ ಬಂದು ಅರಳಿಕಟ್ಟೆಯ ಬಳಿ ಎಡಕ್ಕೆ ತಿರುಗಿ ಎಂದು ಲಕೋಟೆಯ ಮೇಲೆ ಬರೆದಂತೆ. ನಡುವಿನ ಒಂದು ಗಣಕ ಕೆಟ್ಟರೆ ವಿಳಾಸವೇ ತಪ್ಪು.

ಕೇಂದ್ರವಿಲ್ಲದ ಕಡೆ ಒಂದೇ ಹೆಸರಿನ ಇಬ್ಬರು ಇರುವುದು ಸಹಜ. ಟೋಲ್ಕಿನ್‌ನ ಕಾದಂಬರಿಗಳ ಪಾತ್ರಗಳ ಹೆಸರು ಯುನಿಕ್ಸ್ ನಿರ್ವಾಹಕರಿಗೆ ಅಚ್ಚುಮೆಚ್ಚು. 'ಬಿಲ್ಬೋ'ಗಳು ಒಂದಕ್ಕಿಂತ ಹೆಚ್ಚಾದವು. ಜಾಲದ ನಕ್ಷೆ ಕಡತಗಳನ್ನು ಓದಿ ಸುಲಭದ ದಾರಿ ಹುಡುಕಿಕೊಡುವ 'ಪಾತ್‌ಅಲಿಯಾಸ್' ಕ್ರಮವಿಧಿಯನ್ನು ಬರೆದ ಸ್ಟೀವ್ ಬೆಲೋವಿನ್ ಮತ್ತು ಪೀಟರ್ ಹನಿಮನ್, ಈ ಬಿಲ್ಬೋ ಖಾಸಗಿ, ಆ ಬಿಲ್ಬೋ ಅಲ್ಲ ಎಂದು ನಕ್ಷೆಯಲ್ಲೇ ಘೋಷಿಸಲು ಪ್ರತ್ಯೇಕ ಪದವೊಂದನ್ನು ಕಲ್ಪಿಸಬೇಕಾಯಿತು.

ತಮಾಷೆಯ ಹೆಸರುಗಳೂ ತೊಂದರೆ ತರುತ್ತಿದ್ದವು. 1990ರ 1178ನೆಯ ಟಿಪ್ಪಣಿಯಲ್ಲಿ ಡಾನ್ ಲಿಬ್ಸ್ ಅವರು 'ಅಪ್' ಎಂಬ ಹೆಸರಿನ ಗಣಕವೊಂದರ ಕಥೆ ಹೇಳುತ್ತಾರೆ. ಅಪ್ ಡೌನ್ ಆಗಿದೆಯೇ ಎಂದು ಒಬ್ಬರು ಕೇಳಿದರೆ ಮತ್ತೊಬ್ಬರಿಗೆ ತಲೆಬುಡ ತಿಳಿಯುತ್ತಿರಲಿಲ್ಲವಂತೆ.

ನಿಜವಾದ ಸಂಕಟ ಎದುರಾದದ್ದು ಎರಡು ಲೋಕಗಳು ಕೂಡಿದಾಗ. ಅರ್ಪಾನೆಟ್‌ನಲ್ಲಿ ರೇ ಟಾಮ್ಲಿನ್ಸನ್ 1971ರಲ್ಲಿ ಆರಿಸಿದ 'ಅಟ್' ಚಿಹ್ನೆಯ ಪದ್ಧತಿ. ಅಲ್ಲಿ ಮೊದಲು ವ್ಯಕ್ತಿ, ಬಳಿಕ ಗಣಕ. ಯುಯುಸಿಪಿಯಲ್ಲಿ ಮೊದಲು ಗಣಕ, ಕೊನೆಗೆ ವ್ಯಕ್ತಿ. ಎರಡೂ ಚಿಹ್ನೆಗಳು ಒಂದೇ ವಿಳಾಸದಲ್ಲಿ ಬಂದರೆ ಯಾವ ತುದಿಯಿಂದ ಬಿಡಿಸಬೇಕು? ಎಡದಿಂದ ಓದಿದರೆ ಒಂದು ಊರು, ಬಲದಿಂದ ಓದಿದರೆ ಇನ್ನೊಂದು. ಒಂದೇ ಪತ್ರವನ್ನು ದಾರಿಯ ಎರಡು ಗಣಕಗಳು ಎರಡು ರೀತಿ ಓದಿ ಅತ್ತಿಂದಿತ್ತ ಅಲೆಸುವ ಸಾಧ್ಯತೆಯಿತ್ತು. 1986ರ ಫೆಬ್ರುವರಿಯಲ್ಲಿ ಮಾರ್ಕ್ ಹಾರ್ಟನ್ ಬರೆದ 976ನೆಯ ಟಿಪ್ಪಣಿ, ಅಟ್ ಚಿಹ್ನೆಯ ಬಲಭಾಗಕ್ಕೇ ಮೊದಲ ಮಣೆ ಎಂದು ತೀರ್ಪಿತ್ತಿತು.

ಬ್ರಿಟನ್ನಿನದು ಬೇರೆಯೇ ಹಾದಿ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತೆ ಅಲ್ಲಿನ ವಿಶ್ವವಿದ್ಯಾಲಯಗಳ ಜಾನೆಟ್ ಜಾಲದಲ್ಲಿ ಹೆಸರು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಿತ್ತು: ಮೊದಲು ಯುಕೆ, ಬಳಿಕ ಶೈಕ್ಷಣಿಕ ವಲಯ, ಬಳಿಕ ವಿಶ್ವವಿದ್ಯಾಲಯ, ಕೊನೆಗೆ ವಿಭಾಗ. ಊರಿನ ಹೆಸರು, ತಂದೆಯ ಹೆಸರು, ಆಮೇಲೆ ತನ್ನ ಹೆಸರು ಎಂದು ಇನಿಷಿಯಲ್ ಬರೆಯುವ ಕನ್ನಡಿಗರಿಗೆ ಇದೇ ಹೆಚ್ಚು ಸಹಜವೆನಿಸೀತು. ಉಳಿದ ಜಗತ್ತು ಇದಕ್ಕೆ ತಲೆಕೆಳಗಾದ ಕ್ರಮವನ್ನು ಒಪ್ಪಿದ್ದರಿಂದ ಗಡಿಯಲ್ಲಿದ್ದ ಗಣಕಗಳು ಹೆಸರನ್ನು ಎರಡೂ ಕಡೆಯಿಂದ ಓದಿ ನೋಡಬೇಕಿತ್ತು. ಗಣಕ ವಿಜ್ಞಾನ ವಿಭಾಗಗಳಿಗೆ ಎಲ್ಲೆಡೆಯೂ ಸಿಎಸ್ ಎಂಬ ಹ್ರಸ್ವನಾಮ. ಝೆಕೊಸ್ಲೊವಾಕಿಯಾದ ದೇಶಸೂಚಿಯೂ ಸಿಎಸ್ಸೇ! ಬ್ರಿಟನ್ನಿನ ವಿಭಾಗವೊಂದಕ್ಕೆ ಬರೆದ ಪತ್ರ ಮಧ್ಯ ಯುರೋಪಿಗೆ ಸೇರಿದ್ದೆಂದು ಯಂತ್ರ ಭಾವಿಸಲು ಇಷ್ಟು ಸಾಕಿತ್ತು. 1990ರ ದಶಕದಲ್ಲಿ ಜಾನೆಟ್ ತನ್ನ ಕ್ರಮವನ್ನು ಕೈಬಿಟ್ಟಿತು. ಝೆಕೊಸ್ಲೊವಾಕಿಯಾ 1993ರ ಜನವರಿ 1ರಂದು ಎರಡು ದೇಶಗಳಾಗಿ ಒಡೆಯಿತು.

ಕಡತ ಹೋಯಿತು, ನಿಯಮ ಉಳಿಯಿತು

ಒಂದೇ ಕಡತ, ಒಂದೇ ಕಚೇರಿ ಎಂಬ ವ್ಯವಸ್ಥೆಗೆ ಪರ್ಯಾಯ ಹುಡುಕುವ ಹೊಣೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯ ಪಾಲ್ ಮೊಕಪೆಟ್ರಿಸ್ ಅವರ ಪಾಲಿಗೆ ಬಂತು. ಆಗಲೇ ಮುಂದಿಟ್ಟಿದ್ದ ಹಲವು ಸಲಹೆಗಳ ನಡುವೆ ರಾಜಿ ಮಾಡಿಸುವಂತೆ ಜಾನ್ ಪೊಸ್ಟೆಲ್ ಅವರಿಗೆ ಹೇಳಿದ್ದರು. ಮೊಕಪೆಟ್ರಿಸ್ ರಾಜಿ ಮಾಡಿಸುವ ಬದಲು ತಮ್ಮದೇ ವ್ಯವಸ್ಥೆಯನ್ನು ರಚಿಸಿದರು. 1983ರ ನವೆಂಬರ್‌ನಲ್ಲಿ 882 ಮತ್ತು 883ನೆಯ ಟಿಪ್ಪಣಿಗಳಾಗಿ ಪ್ರಕಟವಾದ ಅದೇ ಡೊಮೇನ್ ಹೆಸರು ವ್ಯವಸ್ಥೆ, ಅರ್ಥಾತ್ ಡಿಎನ್‌ಎಸ್.

ಇದರಲ್ಲಿ ಇಡೀ ಜಗತ್ತಿನ ಪಟ್ಟಿಯನ್ನು ಯಾರೊಬ್ಬರೂ ಇಟ್ಟುಕೊಳ್ಳಬೇಕಿಲ್ಲ. ಮೇಲಿನವರಿಗೆ ತಮ್ಮ ಕೆಳಗಿನ ಮನೆ ಯಾರ ಉಸ್ತುವಾರಿಯಲ್ಲಿದೆ ಎಂಬುದು ಗೊತ್ತಿದ್ದರೆ ಸಾಕು. ಒಳಗಿನ ಹೆಸರುಗಳು ಆಯಾ ಮನೆಯವರ ಜವಾಬ್ದಾರಿ. 1984ರ ಅಕ್ಟೋಬರ್‌ನ 920ನೆಯ ಟಿಪ್ಪಣಿ ಕಾಂ, ಎಜು, ಗವ್, ಮಿಲ್, ಆರ್ಗ್ ಎಂಬ ವಿಭಾಗಗಳನ್ನೂ ದೇಶಗಳಿಗೆ ಎರಡಕ್ಷರದ ಸೂಚಿಗಳನ್ನೂ ಗೊತ್ತುಪಡಿಸಿತು. ಈ ವಿಂಗಡಣೆಯಲ್ಲಿ ಫೈನ್ಲರ್ ಅವರ ಕೇಂದ್ರಕ್ಕೂ ಪಾಲಿತ್ತು.

ಹೊಸ ವ್ಯವಸ್ಥೆಗೂ ಪಠ್ಯ ಕಡತಗಳು ತಪ್ಪಲಿಲ್ಲ. ಪ್ರತಿ ಮನೆಯ ಹೆಸರುಗಳನ್ನು ಬರೆದಿಡುವ ಕಡತದಲ್ಲಿ ಅರ್ಧವಿರಾಮವೇ ಟಿಪ್ಪಣಿಯ ಗುರುತು. ಅದು ಹಳೆಯ ಕಡತದ್ದೇ ರೂಢಿ. ಅಟ್ ಚಿಹ್ನೆಗೆ ಇಲ್ಲಿ ಬೇರೆ ಅರ್ಥವಿರುವುದರಿಂದ ನಿರ್ವಾಹಕರ ಇ-ಅಂಚೆ ವಿಳಾಸವನ್ನು ಅಟ್ ಬದಲಿಗೆ ಚುಕ್ಕೆ ಹಾಕಿ ಬರೆಯಬೇಕು. ಪೂರ್ಣ ಹೆಸರಿನ ಕೊನೆಗೆ ಒಂದು ಚುಕ್ಕೆ ಇಡಲೇಬೇಕು. ಮರೆತರೆ ಕ್ರಮವಿಧಿ ಅದನ್ನು ಅಪೂರ್ಣವೆಂದು ಬಗೆದು ಮನೆಯ ಹೆಸರನ್ನು ಮತ್ತೊಮ್ಮೆ ಅಂಟಿಸುತ್ತದೆ. ಒಂದು ಚುಕ್ಕೆಯ ಮರೆವಿನಿಂದ ತಾಣವೇ ಕಾಣೆಯಾದ ಅನುಭವ ಜಾಲ ನಿರ್ವಾಹಕರಿಗೆ ಅಪರೂಪದ್ದಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಾಂತ್ರಿಕವಾಗಿ ಡಿಎನ್‌ಎಸ್‌ಗೆ ಅಕ್ಷರ, ಅಂಕಿ, ಅಡ್ಡಗೆರೆಗಳ ಬಂಧನವೇ ಇಲ್ಲ. ಒಂದೊಂದು ಭಾಗ 63 ಬೈಟ್, ಇಡೀ ಹೆಸರು 255 ಬೈಟ್ ಮೀರಬಾರದು ಎಂಬುದಷ್ಟೇ ಮಿತಿ. ಒಳಗೆ ಯಾವ ಬೈಟ್ ಬೇಕಾದರೂ ಇರಬಹುದು. 1997ರ 2181ನೆಯ ಟಿಪ್ಪಣಿ ಇದನ್ನು ಬಿಡಿಸಿ ಹೇಳಿದೆ. ಆದರೂ 1987ರ ನವೆಂಬರ್‌ನಲ್ಲಿ ಮೊಕಪೆಟ್ರಿಸ್ ವ್ಯವಸ್ಥೆಯನ್ನು ಪರಿಷ್ಕರಿಸಿ ಬರೆದ 1034 ಮತ್ತು 1035ನೆಯ ಟಿಪ್ಪಣಿಗಳು ಹಳೆಯ ಕಡತದ ನಿಯಮವನ್ನೇ ಪಾಲಿಸುವುದು ಜಾಣತನ ಎಂದು ಸಲಹೆ ನೀಡಿದವು. ಕಾರಣ ಸರಳ. ಅಂಚೆ, ಟೆಲ್ನೆಟ್ ಮುಂತಾದ ಸಾವಿರಾರು ಕ್ರಮವಿಧಿಗಳು ಆ ನಿಯಮವನ್ನು ನಂಬಿಯೇ ಬರೆಯಲ್ಪಟ್ಟಿದ್ದವು. ಬೇರೆ ಅಕ್ಷರ ಕಂಡರೆ ಅವು ಮುಗ್ಗರಿಸುತ್ತಿದ್ದವು.

ಸಲಹೆ ರೂಢಿಯಾಯಿತು, ರೂಢಿ ಕಾನೂನಿನಂತಾಯಿತು. ಆ ಹೊತ್ತಿಗೆ ಜಾಲ ಇಂಗ್ಲಿಷ್ ಅರಿಯದ ದೇಶಗಳತ್ತ ಕಾಲಿಡುತ್ತಿತ್ತು.

'ಶಕ್ತಿ', 'ವಿಜ್ಞಾನ್' ಮತ್ತು ಬಿಜಿ

ಭಾರತದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಅರ್ನೆಟ್ ಜಾಲವನ್ನು ಆರಂಭಿಸಿತು. ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಪಾಲುದಾರರು. ಯುಯುಸಿಪಿಯೇ ಮೊದಲ ದಿನಗಳ ವಾಹನ. ಭಾರತದ ದೇಶಸೂಚಿ 'ಇನ್' 1989ರ ಮೇ 8ರಂದು ನೋಂದಣಿಯಾಯಿತು.

ಮುಂಬಯಿ ಕೇಂದ್ರದ ಗಣಕದ ಹೆಸರು 'ಶಕ್ತಿ'. ವಿಜ್ಞಾನ ಸಂಸ್ಥೆಯದು 'ವಿಜ್ಞಾನ್'. ಹೆಸರುಗಳು ನಮ್ಮವೇ, ಲಿಪಿ ಮಾತ್ರ ರೋಮನ್. ವಿಜ್ಞಾನ್ ಎಂಬುದನ್ನು ಹಿಂದಿ ಉಚ್ಚಾರಣೆಗೆ ತಕ್ಕಂತೆ 'ವಿಗ್ಯಾನ್' ಎಂಬ ಕಾಗುಣಿತದಲ್ಲಿ ಬರೆಯಲಾಗಿತ್ತು. ಜ್ಞ ಎಂಬ ಒತ್ತಕ್ಷರಕ್ಕೆ 26 ಅಕ್ಷರಗಳ ಪಟ್ಟಿಯಲ್ಲಿ ಒಮ್ಮತದ ರೂಪವಿಲ್ಲದಾಗ ಯಾವುದಾದರೊಂದು ಭಾಷೆಯ ಉಚ್ಚಾರಣೆ ಗೆಲ್ಲುತ್ತದೆ.

1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ ಸಾರ್ವಜನಿಕರಿಗೆ ಅಂತರಜಾಲ ಸೇವೆ ತೆರೆದಾಗ ಬಂದ ವಿಳಾಸಗಳು ಇನ್ನೂ ಬಿಗಿ. ಬೆಂಗಳೂರಿನ ಆರಂಭದ ಗ್ರಾಹಕರಿಗೆ ತಮ್ಮ ಹೆಸರಿನ ಮುಂದೆ 'ಜಿಐಎಎಸ್‌ಬಿಜಿ01' ಎಂದು ಬರೆದದ್ದು ನೆನಪಿರಬಹುದು. ಮೊದಲ ನಾಲ್ಕು ಅಕ್ಷರ ಸೇವೆಯ ಹೆಸರು, ಬಿಜಿ ಎಂದರೆ ಬೆಂಗಳೂರು, 01 ಎಂದರೆ ಮೊದಲ ಯಂತ್ರ. ದೂರವಾಣಿಯಲ್ಲಿ ಇದನ್ನು ಒಬ್ಬರಿಗೆ ಹೇಳಿ ಬರೆಸುವುದು ಒಂದು ಸಾಹಸವೇ ಆಗಿತ್ತು.

ಒಂದು ಅಕ್ಷರ, ಆರು ಎಣಿಕೆ

ಇತರ ಲಿಪಿಗಳಿಗೆ ದಾರಿ ತೆರೆದದ್ದು 2003ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಪ್ರಕಟವಾದ ಪ್ಯೂನಿಕೋಡ್ ವಿಧಾನ ಹಳೆಯ ನಿಯಮವನ್ನು ಮುರಿಯಲಿಲ್ಲ, ಅದರೊಳಗೇ ನುಸುಳಿತು. ಯುನಿಕೋಡ್‌ನ ಯಾವುದೇ ಹೆಸರನ್ನು ಅದು ರೋಮನ್ ಅಕ್ಷರ, ಅಂಕಿ, ಅಡ್ಡಗೆರೆಗಳ ಸರಣಿಯಾಗಿ ಪರಿವರ್ತಿಸಿ, ಗುರುತಿಗಾಗಿ ಮುಂದೆ 'ಎಕ್ಸ್‌ಎನ್' ಮತ್ತು ಎರಡು ಅಡ್ಡಗೆರೆ ಸೇರಿಸುತ್ತದೆ. ಹಳೆಯ ಕ್ರಮವಿಧಿಗಳಿಗೆ ಅದು ಇನ್ನೊಂದು ವಿಚಿತ್ರ ಹೆಸರಷ್ಟೇ.

ಕನ್ನಡಕ್ಕೆ ಇಲ್ಲಿ ತನ್ನದೇ ಆದ ತೊಡಕುಗಳಿದ್ದವು. ಓದುಗ ಒಂದೇ ಅಕ್ಷರವೆಂದು ಎಣಿಸುವ 'ಸ್ತ್ರೀ' ಯುನಿಕೋಡ್ ಲೆಕ್ಕದಲ್ಲಿ ಆರು ಸಂಕೇತಗಳು. 63ರ ಮಿತಿ ಅನ್ವಯವಾಗುವುದು ಪರಿವರ್ತಿತ ರೂಪಕ್ಕೆ. ಹೀಗಾಗಿ ಕನ್ನಡದ ಉದ್ದ ಹೆಸರಿಗೆ ಇಂಗ್ಲಿಷಿನಷ್ಟು ಜಾಗ ಸಿಗದು. 'ರಾಜ್‌ಕುಮಾರ್' ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯಲು ಬಳಸುವ ಅದೃಶ್ಯ ಸಂಕೇತವನ್ನು 2003ರ ನಿಯಮ ಸದ್ದಿಲ್ಲದೆ ಅಳಿಸಿಹಾಕುತ್ತಿತ್ತು. ಕಣ್ಣಿಗೆ ಕಾಣದ್ದಕ್ಕೆ ಹೆಸರಿನಲ್ಲೇನು ಕೆಲಸ ಎಂಬುದು ಅದರ ತರ್ಕ. 2010ರಲ್ಲಿ ಬಂದ ಪರಿಷ್ಕೃತ ನಿಯಮಗಳು ಹಲಂತದ ಬಳಿಕ ಬರುವುದಾದರೆ ಆ ಸಂಕೇತ ಇರಬಹುದೆಂದು ಒಪ್ಪಿದವು. ಇನ್ನು ಕನ್ನಡ ಮತ್ತು ತೆಲುಗಿನ ಹಲವು ಅಕ್ಷರಗಳು ನೋಟಕ್ಕೆ ಒಂದೇ ತೆರನಾಗಿದ್ದು, ಒಂದರ ಹೆಸರನ್ನು ಇನ್ನೊಂದರ ಲಿಪಿಯಲ್ಲಿ ನೋಂದಾಯಿಸಿ ವಂಚಿಸುವ ಭಯವೂ ಉಂಟು.

ಭಾರತಕ್ಕೆ ದೇಶಭಾಷೆಗಳ ದೇಶಸೂಚಿ ದೊರೆತ 2011ರ ಮೊದಲ ಪಟ್ಟಿಯಲ್ಲಿ ಏಳು ಭಾಷೆಗಳಿದ್ದವು: ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ತಮಿಳು, ತೆಲುಗು ಮತ್ತು ಉರ್ದು. ಕನ್ನಡ ಅದರಲ್ಲಿರಲಿಲ್ಲ. '.ಭಾರತ' ಎಂಬ ಕನ್ನಡ ಲಿಪಿಯ ಸೂಚಿ ಮಲಯಾಳಂ, ಒಡಿಯಾ ಮುಂತಾದವುಗಳ ಜೊತೆ ಬಳಿಕ ಬಂತು. ಬಳಕೆದಾರರು ಇಂದು ಅದನ್ನು ಕನ್ನಡದಲ್ಲೇ ಬೆರಳಚ್ಚಿಸಬಹುದು, ಪರದೆಯ ಮೇಲೆ ಕನ್ನಡದಲ್ಲೇ ಓದಬಹುದು. ಗುಂಡಿ ಒತ್ತಿದ ಕ್ಷಣದಲ್ಲಿ ಬ್ರೌಸರ್ ಅದನ್ನು 'ಎಕ್ಸ್‌ಎನ್'ನಿಂದ ಆರಂಭವಾಗುವ ಹನ್ನೊಂದು ಚಿಹ್ನೆಗಳ ಸರಣಿಯಾಗಿ ಬದಲಿಸುತ್ತದೆ. ತಂತಿಯ ಮೇಲೆ ಸಾಗುವುದು ಆ ಸರಣಿಯೇ.